ಹತ್ತೊಂಬತ್ತರ ವಾಟ

ಗಂಟೆಗಳ ಲೆಕ್ಕ ಬರೆಯುವವಳು ನಾನು.
ಕುಟುಂಬಕ್ಕೆ ವಾರಕ್ಕೆ ಇಪ್ಪತ್ತೊಂದು.
ನೀಲಿ ಗೆರೆಯ ಪುಸ್ತಕ, ಅಂಚಿಗೆಲ್ಲ ಸಿಮೆಂಟಿನ ಬೆರಳಚ್ಚು,
ಮೂವತ್ತೆರಡು ಹೆಸರು.

ಮೊಂಟೆವಿಡಿಯೊದ ಅಂಚಿನಲ್ಲಿ, ಬಸ್ಸು ತಿರುಗಿಕೊಳ್ಳುವ ಕಡೆ,
ಚರ್ಮ ಹದಮಾಡುವ ಕಾರ್ಖಾನೆ ಮುಚ್ಚಿ ಉಳಿದ ಬಯಲು.
ಅದು ಕೈಗೆ ಬರಲು ಐದು ವರ್ಷ ಅರ್ಜಿ, ಮೆರವಣಿಗೆ, ಮತ್ತೆ ಅರ್ಜಿ.
ಸುಲ್ಮಾಳ ಮೊದಲ ಮಗು ನಡೆಯಲು ಕಲಿತದ್ದು
ನಗರಸಭೆಯ ಮೆಟ್ಟಿಲ ಮೇಲೆ.
ಎರಡನೆಯದೂ ಅಲ್ಲೇ.

ಅದಕ್ಕೂ ಮೊದಲು ಎಲ್ಲರೂ ಬಾಡಿಗೆಯವರು.
ನನ್ನ ಕೋಣೆಯ ಗೋಡೆ ಬೆವರುತ್ತಿತ್ತು,
ಗೋಡೆ ಕಡೆಯ ಕಿವಿ ಮಗಳಿಗೆ ಚಳಿಗಾಲವೆಲ್ಲ ನೋವು.
ಆರು ಕೋಣೆಗೆ ಒಂದೇ ಹಳೆಯ ತಂತಿ.
ಒಂದು ರಾತ್ರಿ ಮೇಲಿನ ಮಹಡಿಯಲ್ಲಿ ಹೀಟರು ಹೊತ್ತಿ
ಕಂಬಳಿ ಹೊದ್ದು ಬೀದಿಯಲ್ಲಿ ನಿಂತೆವು.
ಮಾಲೀಕ ಬಂದ. ಯಾರಿಗೇನಾಯಿತೆಂದು ಕೇಳಲಿಲ್ಲ.
ತಂತಿ ಬದಲಿಸಿದ,
ತಂತಿಯ ಲೆಕ್ಕದಲ್ಲಿ ಬಾಡಿಗೆ ಏರಿಸಿದ.

ಇಲ್ಲಿ ಮನೆ ಯಾವುದು ಯಾರದೆಂದು
ಕೊನೆಯ ಕದ ಕೂರಿಸುವ ತನಕ ಯಾರಿಗೂ ತಿಳಿಯದು.
ಆಮೇಲೆ ಚೀಟಿ.
ಮನೆ ಕಟ್ಟಿ ನೋಡು ಅನ್ನುತ್ತಾರಲ್ಲ,
ಯಾರ ಮನೆ ಅಂತ ಯಾರೂ ಹೇಳಿಲ್ಲ.

ಎದೆಲ್ಮೀರಾ ನಮ್ಮ ಮೇಸ್ತ್ರಿ.
ಆಸ್ಪತ್ರೆಯ ಬಟ್ಟೆ ಒಗೆದು ಸವೆದ ಕೈ
ಕರಣೆ ಹಿಡಿದದ್ದು ಐವತ್ತೆಂಟರಲ್ಲಿ.
ವಿಲ್ಮಾರ್ ಕಟ್ಟಿದ ಗೋಡೆಗೆ ತೂಗುಗುಂಡು ಇಳಿಬಿಟ್ಟಳು.
ಬೆರಳಷ್ಟು ವಾಲಿತ್ತು.
ಗಾರೆಯ ಒಳಗೆ ಯಾರಿಗೆ ಕಾಣುತ್ತೆ, ಅಂದ.
ಯಾರಿಗೂ ಇಲ್ಲ, ಅಂದಳು,
ಆ ಕಡೆ ತಲೆಯಿಟ್ಟು ಮಲಗುವವನು ನೀನೇ ಇರಬಹುದು, ಅಷ್ಟೆ.
ಅವನು ಒಂದು ಸಿಗರೇಟು ಮುಗಿಸಿ
ಸುತ್ತಿಗೆ ತಂದ.

ನೀಬಿಯಾಳ ಸಾಲು ಜೂನಿನಲ್ಲಿ ಬತ್ತಿತು.
ಗಂಡ ನದಿ ದಾಟಿ ಬ್ಯೂನಸ್ ಐರಿಸ್‌ಗೆ ಹೋದವನು ಹೋದ.
ರಾತ್ರಿ ಬೇಕರಿ, ಹಗಲು ಅಮ್ಮನ ಡಯಾಲಿಸಿಸ್.
ಹನ್ನೊಂದು ಗಂಟೆ, ಆಮೇಲೆ ಆರು, ಆಮೇಲೆ ಸೊನ್ನೆ.
ಸಭೆಯಲ್ಲಿ ಕೂಗಾಟ.
ನಿಯಮ ಅಂದರೆ ನಿಯಮ ಎಂದವರಲ್ಲಿ ನಾನೂ ಒಬ್ಬಳು,
ಪುಸ್ತಕ ನನ್ನ ತೊಡೆಯ ಮೇಲಿತ್ತು.
ಸೋರೆಬುರುಡೆಯಲ್ಲಿ ಎಲೆಕಷಾಯ ಸುತ್ತು ಬರುತ್ತಿತ್ತು,
ಬಿಸಿ, ಕಹಿ, ಎಲ್ಲರಿಗೂ ಒಂದೇ ಕೊಳವೆ;
ಬೈದಾಡುವವರೂ ಬಾಯಿಂದ ಬಾಯಿಗೆ ದಾಟಿಸಿದರು.
ಅವಳಿರಲಿ ಎಂದು ಕೈ ಎತ್ತಿದವರು ಹದಿನೇಳು.
ಎತ್ತದವರು ಹದಿನಾಲ್ಕು.
ಮರುವಾರದಿಂದ ಒಬ್ಬೊಬ್ಬರೂ ಸರದಿಯ ಮೇಲೆ
ತಮ್ಮ ಪಾಲು ಮುಗಿಸಿ ಅವಳ ಹೆಸರಲ್ಲಿ ದುಡಿದರು,
ಎತ್ತದವರೂ.

ನನಗೆ ಬಂದದ್ದು ಹತ್ತೊಂಬತ್ತರ ಬಚ್ಚಲು.
ನೀಬಿಯಾಳ ಗಂಟೆ, ಹಾಗಾಗಿ ಮನಸ್ಸಿಲ್ಲದ ಗಂಟೆ.
ಕತ್ತಲು, ನದಿಯ ಗಾಳಿ, ಬೆರಳು ಮರಗಟ್ಟಿತ್ತು.
ರಸಮಟ್ಟದ ಗುಳ್ಳೆ ತಪ್ಪು ಕಡೆಗೆ ಜರುಗಿದ್ದು ಕಂಡೆ.
ಕಂಡು,
ಹಾಗೆಯೇ ಟೈಲ್ಸ್ ಒತ್ತಿಬಿಟ್ಟೆ.
ಪುಸ್ತಕದಲ್ಲಿ ಬರೆದೆ: ನೀಬಿಯಾ, ಒಂದು ಗಂಟೆ.
ಅಕ್ಷರ ಮಾತ್ರ ನೇರವಾಗಿತ್ತು.

ಪಾಸ್ತಾ ಬೇಯಿಸುವ ದೊಡ್ಡ ಪಾತ್ರೆಯಲ್ಲಿ
ಮಡಿಚಿದ ಮೂವತ್ತೆರಡು ಕಾಗದ.
ಎದೆಲ್ಮೀರಾಗೆ ಮೂರು. ನನಗೆ ಏಳು,
ಬೆಳಗಿನ ಬಿಸಿಲು, ಒಣ ಗೋಡೆ, ಮಗಳು ಕಿವಿ ಹಚ್ಚಿ ನೋಡಿದಳು.
ಹತ್ತೊಂಬತ್ತು ನೀಬಿಯಾಗೆ ಬರಲಿಲ್ಲ,
ಕತೆಯಾಗಿದ್ದರೆ ಬರುತ್ತಿತ್ತು.
ಸುಲ್ಮಾಗೆ ಬಂತು.

ಸುಲ್ಮಾ ದೂರಲಿಲ್ಲ.
ಸ್ನಾನವಾದ ಮೇಲೆ ಮೂಲೆಯಲ್ಲಿ ನಿಂತ ನೀರಿಗೆ
ಮಕ್ಕಳು ಕೆರೆ ಎಂದು ಹೆಸರಿಟ್ಟಿದ್ದವು,
ಕಾಗದದ ದೋಣಿ ಬಿಡುತ್ತಿದ್ದವು.
ಎರಡು ತಿಂಗಳು ಆ ನಗು ಕೇಳಿಸಿಕೊಂಡೆ.
ಮೂರನೆಯ ತಿಂಗಳ ಒಂದು ಶನಿವಾರ
ಉಳಿ, ಸುತ್ತಿಗೆ, ಅರ್ಧ ಚೀಲ ಸಿಮೆಂಟು ಹೊತ್ತು
ಅವಳ ಬಾಗಿಲಲ್ಲಿ ನಿಂತೆ.
ಲೆಕ್ಕವೆಲ್ಲ ಮುಗಿಯಿತಲ್ಲ, ಅಂದಳು.
ಮುಗಿಯಿತು, ಅಂದೆ. ಪುಸ್ತಕದಲ್ಲಿ ಜಾಗವಿಲ್ಲ.
ಅವಳು ಮುಖ ನೋಡಿದಳು, ಮಾತಾಡಲಿಲ್ಲ,
ಬಕೆಟ್ಟು ತಂದಿಟ್ಟಳು.

ಒಣಗಿದ ಮೇಲೆ ಕಿರಿಯದು
ಕೆರೆ ಹೋಯಿತೆಂಬ ಸಿಟ್ಟಿನಲ್ಲೇ
ಒಂದು ಲೋಟ ನೀರು ಸುರಿಯಿತು.
ನೀರು ಒಂದು ಕ್ಷಣ ಅನುಮಾನಿಸಿ
ಹೊರಟಿತು.