ನೂರ ಹದಿನಾಲ್ಕರ ಕೊನೆಗೆ

ರೈಲ್ವೆ ಗೇಟು ಬಿದ್ದಾಗ ಓದಲು ಹೊತ್ತು ಸಿಗುವ ಊರು ನಮ್ಮದು.
ಅಶೋಕ ರಸ್ತೆಯ ಈಚೆ ದಡದಲ್ಲಿ ಕರಿಬಸಮ್ಮನ ಗಾಡಿ,
ನರ್ಗೀಸ್ ಮಂಡಕ್ಕಿ, ಎರಡು ಮೆಣಸಿನಕಾಯಿ,
ಸುತ್ತಲೂ ಯಾವುದೋ ಪುಸ್ತಕದ ಒಂದು ಹಾಳೆ.

ರದ್ದಿ ಅಂಗಡಿಯಿಂದ ತೂಕದ ಲೆಕ್ಕದಲ್ಲಿ ತರುತ್ತಾಳೆ.
ಕಾದಂಬರಿಗೂ ಕಾನೂನಿಗೂ ಒಂದೇ ದರ.
ದಪ್ಪ ಕಾಗದದ ತತ್ವಶಾಸ್ತ್ರ ಮಾತ್ರ
ಎಣ್ಣೆ ಹೀರೋದಿಲ್ಲ ಎಂದು ಆಕೆಯ ತಕರಾರು.

ಮೊದಲು ತಿನ್ನುವುದು. ಆಮೇಲೆ ಪೊಟ್ಟಣ ಬಿಚ್ಚಿ
ತೊಡೆಯ ಮೇಲೆ ಅಂಗೈಯಿಂದ ನೀವಿ ಓದುವುದು.
ನಾನು; ಭಟ್ಟಿಯಿಂದ ನೇರ ಬರುವ ದಾದಾಪೀರ್,
ಅವನ ರೆಪ್ಪೆಯ ಮೇಲೆ ಸದಾ ಹೊಟ್ಟಿನ ಬೂದಿ;
ಗಿರಣಿ ಮುಚ್ಚಿ ವರ್ಷಗಳಾದರೂ ಪಾಳಿಯ ಹೊತ್ತಿಗೇ ಏಳುವ ಹಾಲಸಿದ್ದಪ್ಪ;
ಹಲ್ಲಿನ ಡಾಕ್ಟರ ಬಳಿ ಚೀಟಿ ಬರೆಯುವ ನಾಗವೇಣಿ.
ಹೆಸರು ಗೊತ್ತು. ಮನೆ ಎಲ್ಲಿ ಎಂದು ಯಾರೂ ಯಾರನ್ನೂ ಕೇಳಿಲ್ಲ.

ಆವತ್ತು ನನ್ನ ಪಾಲಿಗೆ ಬಂದದ್ದು ನೂರ ಹದಿಮೂರು, ನೂರ ಹದಿನಾಲ್ಕು.
ಹೊಸ್ತಿಲ ಮೇಲೆ ಒಬ್ಬ ಹೆಂಗಸು, ಕೈಯಲ್ಲಿ ಬೀಗ.
‘ಅವಳು ಒಂದು ಹೆಜ್ಜೆ’
ಎಂಬಲ್ಲಿಗೆ ಹಾಳೆ ಮುಗಿಯಿತು.

‘ಹೊರಗೇ ಹೋಗಿರ್ತಾಳೆ. ಇಲ್ಲದಿದ್ರೆ ಬೀಗ ಯಾಕೆ?’
ನಾಗವೇಣಿ ಅಂದಳು.
‘ತಗದೂ ನಿಂತಿರಬಹುದಲ್ಲವ್ವ,
ಒಳಗೆ ಹೋಗೋರ ಕೈಯಾಗೂ ಬೀಗ ಇರ್ತತಿ.’
ದಾದಾಪೀರ್ ಒಂದೇ ಒಂದು ಮಂಡಕ್ಕಿ ಎತ್ತಿ ಹಿಡಿದ:
‘ಇದನ್ನ ನೋಡ್ರಿ. ಕಾದ ಮರಳಾಗೆ ಅಕ್ಕಿ ಉಬ್ಬೋದು
ಒಳಗೆ ಏನೋ ಸೇರಿದ್ದಕ್ಕಲ್ಲ. ಖಾಲಿ ದೊಡ್ಡದಾಗ್ತತಿ, ಅಷ್ಟೆ.
ದಿನಾ ಮೂಟೆಗಟ್ಲೆ ಖಾಲಿ ಮಾರ್ತೀವಿ ನಾವು.’
‘ಹಂಗಾದ್ರೆ ಹೊಟ್ಟೆ ತುಂಬೋದು?’
‘ತುಂಬ್ತತಾ?’

ಗೂಡ್ಸ್ ಗಾಡಿ ಬಂತು.
ಐವತ್ತೆಂಟು ಡಬ್ಬಿ ದಾಟುವ ತನಕ
ಆ ಪ್ರಶ್ನೆ ಗೇಟಿನ ಈಚೆಯೇ ನಿಂತಿತ್ತು.

ಒಂದು ತಿಂಗಳು ಎಳೆದೆವು.
ಕಿತ್ತ ಹಲ್ಲಿನ ಜಾಗಕ್ಕೆ ನಾಲಿಗೆ ಹೋಗಿ ಹೋಗಿ ಮುಟ್ಟಿ ಬರುವಂತೆ
ತನ್ನ ಮನಸ್ಸು ಆ ಹೊಸ್ತಿಲಿಗೆ ಹೋಗುತ್ತದೆಂದಳು ನಾಗವೇಣಿ.
‘ಎಲ್ಲಾ ಮೊದಲೇ ಅಚ್ಚಾಗಿರ್ತತಿ,’ ಹಾಲಸಿದ್ದಪ್ಪ ರೇಗಿದ,
‘ನಮಗೆ ಹಾಳೆ ಸಿಕ್ಕಿಲ್ಲ, ಅಷ್ಟೆ.’
ಸ್ವಲ್ಪ ಹೊತ್ತು ಬಿಟ್ಟು, ಯಾರ ಮುಖವನ್ನೂ ನೋಡದೆ:
‘ಗಿರಣಿ ಮುಚ್ಚೋ ಹಿಂದಿನ ದಿನಾನೂ
ಮಗ್ಗಕ್ಕೆ ಎಣ್ಣೆ ಬಿಟ್ಟು ಬಂದಿದ್ದೆ.’
ಆಮೇಲೆ ಎರಡು ದಿನ ಅವನು ಬರಲಿಲ್ಲ.

ಮೂರನೇ ದಿನ ದಾದಾಪೀರನ ಕೈಗೆ ನೂರ ಇಪ್ಪತ್ತೊಂದು.
ಅದೇ ಪುಸ್ತಕ, ಅದೇ ಕಾಲು ಮುರಿದ ‘ಳ’.
ಅವಳು ಈರುಳ್ಳಿ ಹೆಚ್ಚುತ್ತಿದ್ದಾಳೆ,
ಕಿಟಕಿಯಾಚೆ ಯಾರದೋ ಸೈಕಲ್ಲು.
ಯಾವ ಮನೆಯ ಅಡುಗೆಮನೆ? ಬರೆದಿಲ್ಲ.
ಹೋದವಳೋ, ಉಳಿದವಳೋ,
ಹೋಗಿ ವಾಪಸು ಬಂದವಳೋ
ಈರುಳ್ಳಿ ಬಾಯಿ ಬಿಡಲಿಲ್ಲ.

ನಾನು ಜೇಬಿನಿಂದ ನನ್ನ ಹಾಳೆ ತೆಗೆದು
ಗಾಡಿಯ ಬಲ್ಬಿಗೆ ಹಿಡಿದೆ.
ಎಣ್ಣೆ ಕುಡಿದ ಕಾಗದ ಗಾಜಾಗಿತ್ತು.
ಹಿಂದಿನ ಮಗ್ಗುಲಲ್ಲಿ ಅವಳಿಗಿನ್ನೂ ನಿದ್ದೆ,
ಅಕ್ಷರಗಳೆಲ್ಲ ಎಡಮುರಿ;
ಮುಂದಿನ ಮಗ್ಗುಲಲ್ಲಿ ಹೊಸ್ತಿಲು, ಬೀಗ.
ಮಲಗಿದವಳ ಮೈಮೇಲೇ ನಿಂತವಳು.
ಯಾವುದು ಮೊದಲೆಂದು ಹೇಳಲು
ಹಾಳೆ ತಿರುಗಿಸಬೇಕಿರಲಿಲ್ಲ, ತಿರುಗಿಸಿದರೂ ತಿಳಿಯುತ್ತಿರಲಿಲ್ಲ.
ನಾಲ್ಕು ತಲೆ ಒಂದು ಬಲ್ಬಿನ ಕೆಳಗೆ.
ಮಾತಿಲ್ಲ.

ಅಷ್ಟೂ ದಿನ ನಡುವೆ ಬಾಯಿ ಹಾಕದ ಕರಿಬಸಮ್ಮ
ಈರುಳ್ಳಿ ಹೆಚ್ಚುತ್ತಲೇ, ಕಣ್ಣು ಒರೆಸಿಕೊಳ್ಳದೆ ಅಂದಳು:
‘ತಿಂಗಳಾತು, ಆಕೀನ ಹೊಸ್ತಿಲ ಮೇಲೆ ನಿಲ್ಸೀರಿ.
ಕಾಲು ನೋಯಂಗಿಲ್ಲೇನು ಆಕೀಗೆ?
ಹೋಗ್ಲಿ ಬಿಡ್ರಿ, ಎತ್ತಗಾದ್ರೂ.’

ಗೇಟು ಎದ್ದಿತು. ಹಿಂದೆ ಹಾರನ್ನು.
‘ಇನ್ನೆರಡು ಮೆಣಸಿನಕಾಯಿ ಹಾಕ್ಲಾ?’