ಎರಡೂವರಿ ಗ್ರಾಮ್

ಬೇಸ್ತವಾರ ಬರತೈತಿ ಚೀಲ,
ಮುಂಬೈದಿಂದ, ಹಾಲಿನ ಕ್ಯಾನಿನ ನಡುವ ಅಡಗಿಕೊಂಡು.
ಹುಪರಿ ಸ್ಟ್ಯಾಂಡಿನಾಗ ಇಳಿಯೂದರೊಳಗ
ಊರಿಗೆ ಊರ ಗೊತ್ತು,
ಪಾಯಗೊಂಡಣ್ಣನ ಭಟ್ಟಿಗೆ ಮಾಲು ಬಂತು.

ಬಾಯಿ ಬಿಚ್ಚಿದರ ದೇಶದೇಶದ ರೊಕ್ಕ,
ಯಾವ ಅಂಗಡಿಯಾಗೂ ನಡೀದ ರೊಕ್ಕ.
ರಾಜರು ಅಡ್ಡಮಾರಿ ಮಾಡಿ ಕುಂತಾರ,
ಒಬ್ಬರ ಮಾರಿ ಒಬ್ಬರು ನೋಡಂಗಿಲ್ಲ.
ಹದ್ದು, ಹಡಗ, ಕಿರೀಟ, ಗೋದಿ ತೆನಿ.
ಮೂಸಿಗೆ ಎಲ್ಲಾ ಒಂದ.

ನಾನು ಗೆಜ್ಜಿ ಬೆಸಿಯಾಕಿ.
ಮೂವತ್ತು ವರ್ಷ ಊದುಗೊಳವಿ ಕಚ್ಚಿ ಹಿಡಿದು
ಮುಂದಿನ ಹಲ್ಲೊಂದು ಸವದೈತಿ
ಹಳೇ ನಾಣ್ಯದ ಅಂಚಿನಂಗ.

ಒಂದಿನ ಚೀಲದಿಂದ ಸಿಡಿದು
ಒಂದು ನನ್ನ ಉಡಿಯಾಗ ಬಿತ್ತು.
ಹೆಂಗಸು. ಕೆದರಿದ ಕೂದಲ, ಬರಿಗಾಲು,
ಹೆಗಲಿಗೆ ಜೋಳಿಗಿ, ಬಿತ್ತಾಕತ್ತಾಳ.
ಫ್ರಾನ್ಸಿಂದು ಅಂದ ಅಣ್ಣಾ.
ಗಾಳಿಗೆ ಎದುರು ನಿಂತು ಬಿತ್ತತಾಳಲ್ಲ, ಹುಚ್ಚಿ!
ನಮ್ಮವ್ವ ನೋಡಿದ್ದರ ಬೈತಿದ್ದಳು:
ಕಣ್ಣಾಗ ಹೋಗತಾವ ಕಾಳು, ತಿರುಗಿ ನಿಲ್ಲ.

ಇದನ್ನ ಕರಗಸಬ್ಯಾಡ್ರಿ, ಅಂದೆ.
ಅಣ್ಣಾ ತಕ್ಕಡಿಗೆ ಹಾಕಿದ.
ಎರಡೂವರಿ ಗ್ರಾಮ್. ನೂರಕ್ಕ ಎಂಬತ್ತಮೂರು ಟಂಚ.
ಪಗಾರದಾಗ ಮುರಕೊಂಡ,
ಬೆಳ್ಳಿ ರೇಟಷ್ಟ, ಒಂದು ಪೈಸೆ ಮ್ಯಾಲಿಲ್ಲ.
ಬಿತ್ತಾಕಿಗೆ ಕೂಲಿ ಹಿಡೀಲಿಲ್ಲ.

ಅಂದಿನಿಂದ ತಿಂಗಳಿಗೊಂದು,
ಸಣ್ಣದು, ಸವದದ್ದು, ಯಾರಿಗೂ ಬ್ಯಾಡಾದದ್ದು.
ಕೆನಡಾದ ಹಡಗ, ಹೆಬ್ಬೆರಳ ಉಗುರಿನಷ್ಟು.
ಮೆಕ್ಸಿಕೋದ ಟೊಪಗಿ, ಸುತ್ತ ಬಿಸಿಲು.
ಸಿಂಗಪುರದಾಗ ನಡದಿದ್ದ ಹತ್ತು ಸೆಂಟು,
ಅದರ ಮ್ಯಾಲ ನಮ್ಮ ಹಳೇ ರೂಪಾಯಿಯ ಅದ ಗಡ್ಡದ ರಾಜ,
ಎಲ್ಲೆಲ್ಲಿ ಹೋಗಿದ್ದನೋ ಪುಣ್ಯಾತ್ಮ!
ತೂತು ಕೊರದದ್ದೊಂದು, ಯಾವ ಕೂಸಿನ ಕೊರಳಾಗ ಇತ್ತೋ.
ಅದರ ಬೆಲಿ ತೂತಿನಷ್ಟು ಕಡಿಮಿ.

ಎದಿ ತುಂಬಿದ ರಾಣಿಯದ್ದೂ ಬರತಾವ,
ಇಪ್ಪತ್ತೆಂಟು ಗ್ರಾಮ್. ನನ್ನ ಲೆಕ್ಕಕ್ಕ ಸಿಗೂವಲ್ಲ.
ಅಂಗೈಯಾಗ ಹಿಡಿದು, ತಂಪ ಮಾಡಿಕೊಂಡು,
ನಾನ ಕೈಯಾರೆ ಮೂಸಿಗೆ ಬಿಡತೇನಿ.
ಮೂಗು ಮೊದಲ ಹೋಗತೈತಿ, ಆಮ್ಯಾಲ ಕಣ್ಣು.
ಮುಂದಿನ ವಾರ ಇಚಲಕರಂಜಿಯಾಗ ಯಾವಾಕೋ
ಕಾಲಾಗ ಕಟಗೊಂಡು ತಿರಗತಾಳ ರಾಣೀನ್ನ.

ಓದಾಕ ಬರತೈತೇನ ಬೇ ಅದರ ಮ್ಯಾಲಿಂದು, ಅಂತಾರ ಮಂದಿ.
ಸಾಲಿಯಾಗ ಮರಾಠಿ, ಒಲಿ ಮುಂದ ಕನ್ನಡ,
ಬಸದಿಯಾಗ ಕೈ ಮುಗಿದು ಪ್ರಾಕೃತ.
ತಿಳೀದ್ದನ್ನ ಜ್ವಾಕಿ ಮಾಡೂದು ನನಗ ಹೊಸಾದಲ್ಲ.
ಕಲ್ಲಿನ ಮ್ಯಾಲ ಬೀಳಸತೇನಿ, ಕೇಳತೇನಿ.
ಬೆಳ್ಳಿ ಯಾವ ದೇಶದ್ದಿದ್ದರೂ
ಹೇಳೂದು ಅದನ್ನ,
ಉದ್ದಕ, ಸಣ್ಣಗ, ಓಣಿ ಆಚೆ ಮದಲಗಿತ್ತಿ
ಹೊಸ್ತಿಲಾ ದಾಟಿದಂಗ.

ಹೋದ ಶ್ರಾವಣದಾಗ ಮಾತ್ರ ಮನಸ್ಸು ಹರೀತು.
ದೊಡ್ಡದು. ಕಾಲಿದ್ದ ಹಾವು, ಮೀಸಿ, ಹೊಗಿಯಂಥಾ ಮೋಡ,
ಚೀನಾದ್ದು.
ಗ್ರಾಮಿಗೆ ನಲವತ್ತು ಇದ್ದದ್ದು ನೂರು ದಾಟಿತ್ತು.
ನಾಲ್ಕು ತಿಂಗಳು ಮುರಕೋ ಅಂದೆ.
ಮನಿಗೆ ಬಂದು, ದೀಪ ಹಚ್ಚಿ, ಕಲ್ಲಿಗೆ ಬಿಟ್ಟೆ.
ಠಪ್.
ಇನ್ನೊಮ್ಮೆ ಬಿಟ್ಟೆ.
ಠಪ್.
ಬೆಳ್ಳಿ ನೀರು ಕುಡಿಸಿದ ಹಿತ್ತಾಳಿ.

ಅಣ್ಣಾ ಭಟ್ಟಿ ನಡಗೂವಂಗ ನಕ್ಕ.
ರೊಕ್ಕ ಎಣಿಸಿ ತಿರುಗಿ ಕೊಟ್ಟ, ಒಳ್ಳೇಂವ.
ತಾ ಇಲ್ಲೆ ಸುಗಂಧಾ, ಒಗೀತೇನಿ.
ರೊಕ್ಕ ಇಸಕೊಂಡೆ. ಹಾವು ಕೊಡಲಿಲ್ಲ.

ಅವ್ವನ ತಂಬಾಕಿನ ಡಬ್ಬಿ, ನಿಪ್ಪಾಣಿಂದು,
ಮುಚ್ಚಳ ತಗದರ ಇನ್ನೂ ಸೀನು ಬರತೈತಿ.
ಅದರಾಗ ಈಗ ಅರವತ್ತಮೂರು.
ಭಟ್ಟಿಯ ಹಾದಿ ನನಗ ಗೊತ್ತಿಲ್ಲೇನು?
ನನ್ನ ಹಿಂದ ಸೊಸಿ ತೂಕಕ್ಕ ಹಾಕತಾಳ,
ತಪ್ಪೇನಿಲ್ಲ, ಬೆಳ್ಳಿ ಅಂದರ ಬೆಳ್ಳಿ.
ಆಗ ಉಳಿಯೂದು ಹಾವೊಂದ.
ಅದನ್ನ ಯಾವ ಮೂಸಿನೂ ಕರಿಯಂಗಿಲ್ಲ.

ರಾತ್ರಿ ಮಲಗೂ ಮುಂದ ಡಬ್ಬಿ ಅಲಗಸತೇನಿ.
ಅರವತ್ತೆರಡು ಹಾಡತಾವ.
ಒಂದು ಕೆಮ್ಮತೈತಿ.