ನೀರು ಬಿಡೋನ ಕೀಲಿ

ನಾಲ್ಕಡಿ ಕಬ್ಬಿಣದ ಕೀಲಿ, ಮಾವ ಕೊಟ್ಟದ್ದು.
ತುದಿ ಮೊಂಡಾಗ್ಯಾದ, ಹಿಡಿಕಿ ಮಾತ್ರ
ಇಬ್ಬರ ಅಂಗೈ ತಿಕ್ಕಿ ಕನ್ನಡಿ.
ಊರಿನ ನಕ್ಷಾ ಆಫೀಸಿನೊಳಗಿರಲಿಲ್ಲ,
ಅವನ ತಲ್ಯಾಗಿತ್ತು. ಸಾಯೋ ವಾರದಾಗ
ಒಂದೊಂದೇ ಇಳಿಸಿದ:
ಬೇವಿನ ಗಿಡದಿಂದ ಏಳು ಹೆಜ್ಜಿ, ಮೋರಿ ಮಗ್ಗಲ ಒಂದು ವಾಲ್ವು.
ಮಸೂತಿ ಗ್ವಾಡಿ ಕೆಳಗೊಂದು, ಅದು ಎಡಕ್ಕ ತಿರುಗತದ.
ಬೇವು ಈಗಿಲ್ಲ. ಮೊಬೈಲ್ ಅಂಗಡಿ ಅದ,
ಅದರ ಪಾವಟಗಿಯಿಂದ ನಾ ಏಳು ಎಣಸ್ತೀನಿ.

ಎರಡು ಹೊಳಿ ನಡುವಿನ ಜಿಲ್ಲಾ ನಮ್ಮದು.
ಆದ್ರೂ ರಾಯಚೂರಾಗ ನೀರು ಅಂದ್ರ
ನಾಕನೇ ದಿನಕ್ಕ ಮುಕ್ಕಾಲು ತಾಸು.
ನಳ ಮೊದಲು ಗಾಳಿ ಉಗುಳತದ,
ಆಮ್ಯಾಲೆ ತುಕ್ಕು,
ಆಮ್ಯಾಲೆ ನೀರು.

ಬೈಪಾಸಿನ ಆಚಿಗಿ ಹೊಸಾ ಲೇಔಟು:
ಗಂಗಾ ಎನ್‌ಕ್ಲೇವ್, ನರ್ಮದಾ ನಗರ, ಮಾನಸ ಸರೋವರ ಫೇಜ್ ಎರಡು.
ಹೆಸರಿಟ್ಟವರಿಗೆ ಗೊತ್ತಿತ್ತೇನೋ,
ಹೊಳಿ ಬರೋದು ಬೋರ್ಡಿನ ಮಟ ಅಷ್ಟೇ ಅಂತ.
ಅವರೂ ದುಡ್ಡು ಕಟ್ಟ್ಯಾರ, ಅವರ ಮಕ್ಕಳಿಗೂ ನೀರಡಿಕಿ ಆಗತದ.
ಪೈಪು ಮಾತ್ರ ಅದೇ ಹಳೇ ಆರಿಂಚಿಂದು.

ಆ ಸೈಟಿನ ಕಲ್ಲು ನೆಟ್ಟ ಜಾಗ
ನಮ್ಮ ಓಣಿ ಹೆಣ್ಮಕ್ಕಳು
ಕತ್ತಲಾಗ ಹೋಗಿ ಕತ್ತಲಾಗ ಬರೋ ಬಯಲಾಗಿತ್ತು.
ಸಂಡಾಸ್ ಕಟ್ಟಿಸಿಕೊಟ್ರು. ತಗಡಿನ ಬಾಗಲಾ, ನೀಲಿ ಬಣ್ಣ, ನಂಬರು.
ಒಂದು ಸಲ ಹೋದ್ರ ಎರಡು ಬಕೀಟು.
"ಎರಡು ಬಕೀಟು ಇದ್ರ ಅನ್ನಾ ಮಾಡ್ತೀನಿ ನಾ," ಅಂತಾಳ ಹುಸೇನಮ್ಮ.
ಆಕಿ ಸಂಡಾಸಿನಾಗ ಈಗ ಕಟಗಿ,
ಮುರಿದ ತೊಟ್ಟಲಾ ಒಂದು.

ಒಂದು ಮಾತು ಯಾರಿಗೂ ಹೇಳಿಲ್ಲ.
ನಮ್ಮ ಓಣ್ಯಾಗ ಪೈಪು ಗಟಾರದೊಳಗೇ ಮುಳುಗ್ಯಾದ.
ಒಳಗ ನೀರು ಹರಿಯೋ ಮಟ ಅದು ಗಟ್ಟಿ,
ಯಾರನ್ನೂ ಹತ್ತರ ಬಿಡಂಗಿಲ್ಲ.
ಕೀಲಿ ತಿರುವಿ ಬಂದ್ ಮಾಡಿದ್ನೋ,
ಖಾಲಿ ಹೊಟ್ಟಿಲೆ ಉಸಿರು ಎಳಕೋತದ,
ಬಿರುಕಿಗೆ ಬಾಯಿ ಹಚ್ಚಿ ಗಟಾರ ಕುಡೀತದ.
ಪೈಪಿಗೂ ನೀರಡಿಕಿ ಆಗತದೋ, ಅಂತಿದ್ದ ಮಾವ.

ಆ ಮಂಗಳವಾರ ಫೋನು ಬಂತು.
ನರ್ಮದಾ ನಗರದಾಗ ಯಾರದೋ ಗೃಹಪ್ರವೇಶ.
"ಯಂಕೋಬಾ, ಇಪ್ಪತ್ತು ನಿಮಿಷ ಮೊದ್ಲು ಈ ಕಡೆ ಬಿಡಪಾ."
ರೊಕ್ಕ ತಗೊಂಡಿಲ್ಲ.
ಹೋಳಿಗಿ ಕಟ್ಟಿಕೊಟ್ರು, ತಿಂದೆ.

ಗುರುವಾರ ಹುಸೇನಮ್ಮನ ಮೊಮ್ಮಗಳು ಮೌಲಮ್ಮ
ದೊಡ್ಡ ದವಾಖಾನ್ಯಾಗ. ಒಂದೇ ಮಂಚಕ್ಕ ಮೂರು ಹುಡುಗ್ರು,
ಮೂರು ಸಲಾಯಿನ್ ಬಾಟಲಿ.
ನೋಡಿಕೋತ ನಿಂತೆ:
ಎಷ್ಟು ತಿಳಿ ನೀರು, ಹನಿ ಹನಿ,
ಬರೋಬ್ಬರಿ ಟೈಮಿಗೆ.

ಹುಡುಗಿ ಉಳದಳು.
ಹುಸೇನಮ್ಮ ನನಗ ಚಾ ಕೊಟ್ಲು.
ಕುದಿಸಿದ ನೀರಿಂದು, ಅಂಜಬ್ಯಾಡ ಅಂದ್ಲು.

ರಾತ್ರಿ ಮೂರಕ್ಕ ಕುಣಿಯೊಳಗ ಕೀಲಿ ಇಳಿಸಿ
ಮ್ಯಾಲಿನ ತುದಿಗೆ ಕಿವಿ ಹಚ್ತೀನಿ, ಮಾವ ಕಲಿಸಿದಂಗ.
ನೀರು ಬರೋ ಸಪ್ಪಳ ತಿಳೀತದ, ಹೋಗೋದೂ ತಿಳೀತದ.
ಮೊದಲೆಲ್ಲಾ ಬಂದ್ ಮಾಡಿದ ಕೂಡ್ಲೇ
ಕಿವಿ ತೆಗದು ಸೈಕಲ್ ಹತ್ತತಿದ್ದೆ.
ಈಗ ಇನ್ನೊಂದಿಷ್ಟು ಹೊತ್ತು ಬಗ್ಗಿಕೊಂಡೇ ಇರತೀನಿ.
ದೂರದಾಗ, ನೆಲದ ಕೆಳಗ,
ಒಂದು ಸಣ್ಣ ಸಪ್ಪಳ,
ಕೂಸು ಮೊಲಿ ಎಳದಂಗ.